ವೈಯಕ್ತಿಕ ಕಾರಣ

ಪದವಿಯ ಮೊದಲ ವರ್ಷದಲ್ಲೇ ಓದು ಬಿಡುವ ಮಕ್ಕಳ ಸಂಖ್ಯೆ ಕಂಡು ಆಗಾಗ ಯಾರಾದರೂ ಗಾಬರಿಪಡುತ್ತಾರೆ. ಪಾಪ, ಅವರು ಕಾಲೇಜಿನ ಆಫೀಸಿಗೆ ಹೋಗಿ ಕಡತ ನೋಡಿದವರಲ್ಲ. ಕಡತದ ಪ್ರಕಾರ ಯಾರೂ ಬಿಡುವುದೇ ಇಲ್ಲ. ಬಿಡಬೇಕಾದರೆ ಅರ್ಜಿ ಬರೆಯಬೇಕು, ಗ್ರಂಥಾಲಯದಿಂದ ಹಿಡಿದು ಕ್ರೀಡಾ ವಿಭಾಗದವರೆಗೆ ಬಾಕಿ ಇಲ್ಲವೆಂದು ಸಹಿ ಹಾಕಿಸಬೇಕು, ಗುಮಾಸ್ತರು ಊಟಕ್ಕೆ ಹೋಗದ ಹೊತ್ತು ನೋಡಿ ಕಿಟಕಿಯ ಮುಂದೆ ನಿಲ್ಲಬೇಕು, ಪ್ರಾಂಶುಪಾಲರು ಮೀಟಿಂಗಿನಲ್ಲಿಲ್ಲದ ದಿನ ಹಿಡಿದು ಟಿ.ಸಿ. ಪಡೆಯಬೇಕು. ಅಷ್ಟೊಂದು ಪಟ್ಟು ಇದ್ದ ಹುಡುಗ ಡಿಗ್ರಿಯನ್ನೇ ಮುಗಿಸಿರುತ್ತಿದ್ದ. ಆದ್ದರಿಂದ ಅವನು ಬಿಡುವುದಿಲ್ಲ. ಬರುವುದಿಲ್ಲ, ಅಷ್ಟೆ.

ಬರದವನ ಹೆಸರು ಹಾಜರಿ ಪುಸ್ತಕದಲ್ಲಿ ಸುಖವಾಗಿರುತ್ತದೆ. ಅದನ್ನು ಹೊಡೆದುಹಾಕಲು ಯಾರಿಗೂ ಮನಸ್ಸಿಲ್ಲ. ಹೆಸರು ಹೊಡೆದರೆ ಸ್ಟ್ರೆಂತ್ ಕಮ್ಮಿ. ಸ್ಟ್ರೆಂತ್ ಕಮ್ಮಿಯಾದರೆ ಒಂದು ಸೆಕ್ಷನ್ ಹೋಯಿತು, ಸೆಕ್ಷನ್ ಹೋದರೆ ವರ್ಕ್‌ಲೋಡ್ ಹೋಯಿತು, ವರ್ಕ್‌ಲೋಡ್ ಹೋದರೆ ಯಾರೋ ಅತಿಥಿ ಉಪನ್ಯಾಸಕರ ಅನ್ನ ಹೋಯಿತು. ಹೀಗೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಯಾರದೋ ಬಿರಿಯಾನಿ ಹೊತ್ತು ಓಡುತ್ತಿರುವ ಹುಡುಗನೊಬ್ಬ ತನ್ನ ತಾಲ್ಲೂಕಿನ ಕಾಲೇಜಿನಲ್ಲಿ ಒಬ್ಬ ಮೇಷ್ಟರ ಸಂಬಳವನ್ನೂ ಹೊತ್ತಿರುತ್ತಾನೆ. ಅದು ಅವನಿಗೂ ಗೊತ್ತಿಲ್ಲ. ಗೊತ್ತಾದರೆ ಪಾಲು ಕೇಳಿಯಾನು.

ಖಾಸಗಿ ಕಾಲೇಜುಗಳು ಇನ್ನೂ ಒಂದು ಹೆಜ್ಜೆ ಮುಂದೆ. ಮಕ್ಕಳನ್ನು ಉಳಿಸಿಕೊಳ್ಳಲು ಅವು ಕಂಡುಹಿಡಿದ ಉಪಾಯ ಸರಳ: ಗೋದ್ರೆಜ್ ಬೀರು. ಪ್ರವೇಶದ ದಿನವೇ ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳು ಬೀರುವಿನೊಳಗೆ ಹೋಗುತ್ತವೆ. ಮಧ್ಯದಲ್ಲಿ ಬಿಡುತ್ತೇನೆಂದರೆ ಉಳಿದ ವರ್ಷಗಳ ಶುಲ್ಕ ಕಟ್ಟಿ ತೆಗೆದುಕೊಂಡು ಹೋಗು ಎನ್ನುತ್ತಾರೆ. ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಕೂಡದು, ಬಿಟ್ಟುಹೋಗುವವರಿಗೆ ಶುಲ್ಕ ಹಿಂದಿರುಗಿಸಬೇಕು ಎಂದು ಯುಜಿಸಿ 2018ರ ಅಕ್ಟೋಬರಿನಲ್ಲೇ ಅಧಿಸೂಚನೆ ಹೊರಡಿಸಿದೆ. ಆ ಅಧಿಸೂಚನೆಯ ಪ್ರತಿಯೂ ಅದೇ ಬೀರುವಿನಲ್ಲಿ ಭದ್ರವಾಗಿರಬಹುದು.

ಆದರೂ ಸಂಸತ್ತಿನಂಥ ಜಾಗದಲ್ಲಿ ಯಾರಾದರೂ ಒಮ್ಮೊಮ್ಮೆ ಪ್ರಶ್ನೆ ಕೇಳಿಬಿಡುತ್ತಾರೆ. 2023ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಹೀಗೆಯೇ ಕೇಳಿದರು. ಕೇಂದ್ರೀಯ ವಿಶ್ವವಿದ್ಯಾಲಯಗಳು, ಐಐಟಿಗಳು, ಐಐಎಂಗಳು, ದೇಶದ ಅತ್ಯುತ್ತಮ ಬಾಗಿಲುಗಳು, ಇವುಗಳಿಂದ ಐದು ವರ್ಷದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ 13,600ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೊರನಡೆದಿದ್ದರು. ಯಾಕೆ? ಶಿಕ್ಷಣ ಸಚಿವಾಲಯದ ಉತ್ತರದ ಸಾರ ಇಷ್ಟು: ವಿದ್ಯಾರ್ಥಿಗಳಿಗೆ ಅನೇಕ ಆಯ್ಕೆಗಳಿವೆ, ತಮಗಿಷ್ಟವಾದ ಬೇರೆ ವಿಭಾಗದಲ್ಲೋ ಬೇರೆ ಸಂಸ್ಥೆಯಲ್ಲೋ ಸೀಟು ಸಿಕ್ಕಿ ಹೋಗುತ್ತಾರೆ, ಇಲ್ಲವೇ ವೈಯಕ್ತಿಕ ಕಾರಣ.

ಉತ್ತರ ಬರೆದ ಅಧಿಕಾರಿಯ ಕೈಗೆ ಬಂಗಾರದ ಕಡಗ ತೊಡಿಸಬೇಕು. ಮೊದಲ ಅರ್ಧ ಓದಿದರೆ ಇವರೆಲ್ಲ ಇನ್ನೂ ಮೇಲಕ್ಕೆ ಹಾರಿದವರು. ಎರಡನೆಯ ಅರ್ಧ ಓದಿದರೆ ಬಿದ್ದವರೂ ತಮ್ಮಷ್ಟಕ್ಕೆ ತಾವೇ ಬಿದ್ದವರು. ನಡುವೆ ಸಂಸ್ಥೆಗೆ ಎಲ್ಲೂ ಜಾಗವಿಲ್ಲ.

ಈ ವೈಯಕ್ತಿಕ ಕಾರಣ ಎಂಬುದನ್ನು ನಮ್ಮ ತಾಲ್ಲೂಕು ಮಟ್ಟದಲ್ಲಿ ಒಂದಿಷ್ಟು ಬಿಡಿಸಿ ನೋಡೋಣ.

ಮೊದಲನೆಯ ವೈಯಕ್ತಿಕ ಕಾರಣ ಬೆಳಿಗ್ಗೆ ಏಳೂಕಾಲಿಗೆ ಬರಬೇಕು, ಎಂಟಾದರೂ ಬರುವುದಿಲ್ಲ. ಬಂದರೆ ನಿಲ್ಲುವುದಿಲ್ಲ. ಅದು ಸರ್ಕಾರಿ ಬಸ್ಸು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬರುವ ಮಕ್ಕಳಲ್ಲಿ ದೊಡ್ಡ ಪಾಲು ಸುತ್ತಲಿನ ಹಳ್ಳಿಗಳವರು. ಹಿಂದಿನ ಮೂರು ಊರಿನಲ್ಲೇ ಬಸ್ಸು ತುಂಬಿರುತ್ತದೆ. ಕಂಡಕ್ಟರ್ ಎರಡು ಸಲ ಸೀಟಿ ಊದುತ್ತಾನೆ, ಡ್ರೈವರ್ ಸ್ಟಾಪಿನಿಂದ ನೂರು ಗಜ ಮುಂದೆ ಹೋಗಿ ನಿಧಾನ ಮಾಡುತ್ತಾನೆ, ಓಡಬಲ್ಲವರು ಉನ್ನತ ಶಿಕ್ಷಣಕ್ಕೆ ಅರ್ಹರಾಗುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಇದು ನಿಜವಾದ ಉಪಕಾರ, ಇದರಲ್ಲಿ ವ್ಯಂಗ್ಯವಿಲ್ಲ. ಎಷ್ಟೋ ಮನೆಗಳಲ್ಲಿ ಮಗಳ ಕಾಲೇಜು ನಿಂತಿದ್ದೇ ಬಸ್ಸಿನ ಖರ್ಚಿನ ಮೇಲೆ. ಆದರೆ ಟಿಕೆಟ್ಟನ್ನು ಉಚಿತ ಮಾಡಿದವರು ಬಸ್ಸನ್ನೂ ನಿಲ್ಲಿಸಿ ಎಂದು ಹೇಳುವುದನ್ನು ಮರೆತರು. ಉಚಿತ ಟಿಕೆಟ್ಟನ್ನು ನಂಬಿ ಸ್ಟಾಪಿನಲ್ಲಿ ನಿಂತ ಹುಡುಗಿ ಮೊದಲ ಪೀರಿಯಡ್ಡಿಗೆ ಇರುವುದಿಲ್ಲ, ಎರಡನೆಯದಕ್ಕೆ ಬಾಗಿಲಲ್ಲಿ ನಿಂತು ಬೈಸಿಕೊಳ್ಳುತ್ತಾಳೆ, ಸೆಮಿಸ್ಟರ್ ಮುಗಿಯುವಾಗ ನೋಟೀಸ್ ಬೋರ್ಡಿನ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ಅವಳ ಹೆಸರಿರುತ್ತದೆ. ಶೇ 75 ಹಾಜರಾತಿ ನಿಯಮ ವಿದ್ಯಾರ್ಥಿಗೆ ಮಾತ್ರ. ಬಸ್ಸಿಗೆ ಅಂಥ ನಿಯಮ ಮಾಡಿದರೆ ಎಷ್ಟು ರೂಟುಗಳು ಪರೀಕ್ಷೆಗೆ ಕೂರಲು ಅರ್ಹವಾದಾವು?

ಸಂಜೆಯ ಕಥೆ ಬೇರೆ. ಮಧ್ಯಾಹ್ನ ಎರಡೂವರೆಯ ಬಸ್ಸು ತಪ್ಪಿದರೆ ಆರಕ್ಕೆ ಇನ್ನೊಂದು. ಮಗಳು ಏಳೂವರೆಗೆ ಮನೆ ಮುಟ್ಟಿದ ದಿನ ಅಪ್ಪ ಏನೂ ಹೇಳುವುದಿಲ್ಲ. ಮರುವಾರ ಮತ್ತೆ ಏಳೂವರೆಯಾದಾಗ ಅಜ್ಜಿ ಹೇಳುತ್ತಾಳೆ. ಮೂರನೆಯ ಸಲ ಸೋದರಮಾವ ಒಂದು ಸಂಬಂಧ ತರುತ್ತಾನೆ. ಹುಡುಗ ಬೆಂಗಳೂರಿನಲ್ಲಿದ್ದಾನೆ, ಮುಂದೆ ಓದಿಸುತ್ತೇವೆ ಅಂದಿದ್ದಾರೆ. ಕಾಲೇಜಿನ ಕಡತದಲ್ಲಿ ಇದು ವೈಯಕ್ತಿಕ ಕಾರಣ. ಸಾರಿಗೆ ಸಂಸ್ಥೆಯ ಕಡತದಲ್ಲಿ ಕಾರಣವೂ ಅಲ್ಲ, ಆ ರೂಟು ಲಾಸಿನಲ್ಲಿದೆ. ವಿದ್ಯಾರ್ಥಿ ಯಶಸ್ಸಿನ ಬಗ್ಗೆ ಕುಲಪತಿಗಳನ್ನು ಕರೆಸಿ ಭಾಷಣ ಮಾಡಿಸುವವರು ಒಮ್ಮೆ ಡಿಪೊ ಮ್ಯಾನೇಜರರನ್ನು ಕರೆಸಿ ನೋಡಬೇಕು. ನಾಡಿನಲ್ಲಿ ಯಾರು ಪದವೀಧರರಾಗಬೇಕು ಎಂದು ಬೆಳಗಿನ ಐದು ಗಂಟೆಗೇ ಶೆಡ್ಯೂಲ್ ಬರೆದಿಡುವವರು ಅವರು.

ಎರಡನೆಯ ವೈಯಕ್ತಿಕ ಕಾರಣ ವಿದ್ಯಾರ್ಥಿವೇತನ. ಬಡವನ ಮಗ ಓದಲೆಂದು ಸರ್ಕಾರ ದುಡ್ಡು ಕೊಡುತ್ತದೆ, ಆದರೆ ಅವನು ಬಡವನೇ ಹೌದು, ಅವನು ಅವನೇ ಹೌದು ಎಂದು ಮೊದಲು ಕಂಪ್ಯೂಟರಿಗೆ ಒಪ್ಪಿಗೆಯಾಗಬೇಕು. ಎಸ್‌ಎಸ್‌ಪಿ ಎಂಬ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಿಗೆ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಬೇಕು, ಆಧಾರ್ ಬೇಕು, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು, ಇ-ದೃಢೀಕರಣ ಬೇಕು, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ತಂತ್ರಾಂಶದ ನೋಂದಣಿ ಸಂಖ್ಯೆ ಬೇಕು. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಮಂಜುನಾಥ ಎಚ್., ಆಧಾರಿನಲ್ಲಿ ಮಂಜುನಾಥ, ಬ್ಯಾಂಕಿನಲ್ಲಿ ಮಂಜುನಾಥ್ ತಂದೆ ಹನುಮಂತಪ್ಪ. ಮೂವರು ಮಂಜುನಾಥರಿಗೂ ಬಡತನ ಒಂದೇ, ಆದರೆ ಪೋರ್ಟಲ್ಲು ಮೂವರನ್ನೂ ಬೇರೆಬೇರೆಯಾಗಿ ತಿರಸ್ಕರಿಸುತ್ತದೆ. ಕೊನೆಗೆ ಒಬ್ಬ ಮಂಜುನಾಥ ಒಪ್ಪಿಗೆಯಾಗುವ ಹೊತ್ತಿಗೆ ಪರೀಕ್ಷಾ ಶುಲ್ಕದ ಕೊನೆಯ ದಿನ ಕಳೆದಿರುತ್ತದೆ. ದಂಡ ಸಹಿತ ಕೊನೆಯ ದಿನವೂ ಕಳೆದಿರುತ್ತದೆ. ಅವನನ್ನು ಕಾಲೇಜಿನಲ್ಲಿ ಉಳಿಸಲೆಂದು ಹೊರಟ ದುಡ್ಡು ಅವನು ಹೊರಟ ಮೇಲೆ ಬಂದು ತಲುಪುತ್ತದೆ. ಅಷ್ಟರಲ್ಲಿ ಅವನು ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ಎರಡು ಸಂಬಳ ತೆಗೆದುಕೊಂಡಿರುತ್ತಾನೆ.

ಈ ಇಡೀ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗೆ ನಿಜವಾಗಿ ನೆರವಾಗುವ ಮನುಷ್ಯ ಒಬ್ಬನೇ: ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿನವನು. ತಾಲ್ಲೂಕಿನ ಅರ್ಧ ಯುವಜನರ ಪಾಸ್‌ವರ್ಡುಗಳು ಅವನ ರೂಲ್ಡ್ ನೋಟ್‌ಬುಕ್ಕಿನಲ್ಲಿವೆ. ಯಾವ ಕೋರ್ಸಿಗೆ ಯಾವಾಗ ಕೊನೆಯ ದಿನಾಂಕ, ಯಾವ ವೇಳೆಯಲ್ಲಿ ಸರ್ವರ್ ಏಳುತ್ತದೆ, ಒಟಿಪಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲವೂ ಅವನಿಗೆ ಬಾಯಿಪಾಠ. ಐವತ್ತು ರೂಪಾಯಿ ತೆಗೆದುಕೊಳ್ಳುತ್ತಾನೆ, ಕೆಲಸ ಆಗುತ್ತದೆ, ಬೈಯುವುದಿಲ್ಲ. ವಿಚಾರಿಸಿದರೆ ಅವನೂ ಬಿ.ಕಾಂ. ಮೊದಲ ವರ್ಷಕ್ಕೆ ಬಿಟ್ಟವನೇ.

ಮೂರನೆಯದು ಪಾಠ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವಳು ಬಿ.ಕಾಂ.ಗೆ ಬಂದು ಕೂರುತ್ತಾಳೆ. ಪುಸ್ತಕ ಇಂಗ್ಲಿಷ್, ಬೋರ್ಡು ಇಂಗ್ಲಿಷ್, ಮೇಷ್ಟರು ಮಾತ್ರ ಕರುಣೆಯಿಂದ ಎರಡನ್ನೂ ಬೆರೆಸಿ ಹೇಳುತ್ತಾರೆ. ಅರ್ಥವಾಯಿತಾ ಎಂದಾಗ ಎಲ್ಲರೂ ಹೂಂ ಅನ್ನುತ್ತಾರೆ. ಒಂದಾನೊಂದು ಕಾಲದಲ್ಲಿ ಮೇಷ್ಟರೂ ಇದೇ ಬೆಂಚಿನಲ್ಲಿ ಕೂತು ಹೂಂ ಅಂದಿದ್ದವರೇ, ಅವರಿಗೂ ಗೊತ್ತು. ಆದರೆ ಸಿಲಬಸ್ ಮುಗಿಯಬೇಕಲ್ಲ! ಮೇಷ್ಟರು ಇದ್ದರೆ ಇಷ್ಟಾದರೂ ಆಯಿತು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಹದಿನೈದು ಇಪ್ಪತ್ತು ವರ್ಷದಿಂದ ಅತಿಥಿಗಳಾಗಿಯೇ ಇರುವವರಿದ್ದಾರೆ. ತರಗತಿ ಶುರುವಾಗಿ ವಾರಗಳು, ಕೆಲವು ವರ್ಷ ತಿಂಗಳುಗಳೇ ಕಳೆದರೂ ಅವರ ನೇಮಕದ ಆದೇಶ ಹೊರಟಿರುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿ ಕಾಲೇಜೆಂದರೆ ಏನೆಂದು ತಿಳಿಯುವ ಆ ಮೊದಲ ವಾರಗಳಲ್ಲಿ ಕಾಲೇಜೆಂದರೆ ಖಾಲಿ ಬೋರ್ಡು ಮತ್ತು ಫ್ಯಾನು ಎಂದು ತಿಳಿಯುತ್ತಾನೆ.

ಆಮೇಲೆ ಪರೀಕ್ಷೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬರುವಾಗ ಎರಡನೆಯದರ ಪಾಠ ಮುಗಿಯುತ್ತಾ ಬಂದಿರುತ್ತದೆ. ಅಂಕಪಟ್ಟಿ ಇನ್ನೂ ತಡ. ಪ್ರಶ್ನೆಪತ್ರಿಕೆಯಲ್ಲಿ ಸೋಲುವುದು ಮೂರು ಗಂಟೆಯ ಕೆಲಸ. ಸೋತೆ ಎಂದು ತಿಳಿದುಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ಸೋತಿದ್ದು ಯಾಕೆ ಎಂದು ತಿಳಿಸುವ ಪದ್ಧತಿಯನ್ನು ಯಾವ ವಿಶ್ವವಿದ್ಯಾಲಯವೂ ಇಟ್ಟುಕೊಂಡಂತಿಲ್ಲ.

ಇಷ್ಟೆಲ್ಲ ಕಾಯಿಲೆಗೆ ಮದ್ದು ಇಲ್ಲವೆಂದಲ್ಲ. ಮದ್ದೇ ಕಾಯಿಲೆಯಾಗುವಷ್ಟಿದೆ. ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಕೈಪಿಡಿ ತಂದಿತು. ಹೊಸಬರನ್ನು ಪ್ರೀತಿಯಿಂದ ಬರಮಾಡಿಕೊಳ್ಳಿ, ಸಂಸ್ಥೆಯನ್ನು ಪರಿಚಯಿಸಿ, ಹಿರಿಯ ವಿದ್ಯಾರ್ಥಿಗಳ ಜೊತೆ ಬೆಸೆಯಿರಿ ಎಂಬ ಸದುದ್ದೇಶ. ನಮ್ಮಲ್ಲಿ ಸದುದ್ದೇಶ ಬಂದಿಳಿದ ಕೂಡಲೇ ಅದಕ್ಕೆ ಶಾಮಿಯಾನ ಹಾಕುತ್ತೇವೆ. ವೇದಿಕೆಯಲ್ಲಿ ಹನ್ನೊಂದು ಜನ, ಎಲ್ಲರಿಗೂ ಶಾಲು, ಹಾರ, ಮೈಸೂರು ಪೇಟ. ಸ್ವಾಗತದ ಸ್ವಾಗತಕ್ಕೇ ಮುಕ್ಕಾಲು ಗಂಟೆ. ಕಾಲೇಜು ಅಭಿವೃದ್ಧಿ ಸಮಿತಿಯ ಸದಸ್ಯರು ತಾವು ಹತ್ತನೆಯ ತರಗತಿಯಲ್ಲಿ ಓದು ಬಿಟ್ಟೂ ಇಷ್ಟು ಮೇಲೆ ಬಂದ ಬಗೆಯನ್ನು ಹೇಳಿ ಮಕ್ಕಳನ್ನು ಹುರಿದುಂಬಿಸುತ್ತಾರೆ. ಮಕ್ಕಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದೇ ಅಪಾಯ. ಮಧ್ಯಾಹ್ನ ‘ಜೀವನದಲ್ಲಿ ಗುರಿ’ ಎಂಬ ವಿಶೇಷ ಉಪನ್ಯಾಸ. ಅದು ಮುಗಿಯುವಾಗ ಎರಡೂವರೆಯ ಬಸ್ಸು ಹೋಗಿರುತ್ತದೆ.

ಇನ್ನೊಂದು ಮದ್ದು ಮೆಂಟರ್. ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಕೇಳುತ್ತದೆ, ಆದ್ದರಿಂದ ಎಲ್ಲ ಕಾಲೇಜಿನಲ್ಲೂ ಮೆಂಟರಿದ್ದಾರೆ. ಮೆಂಟರಿನ ಕೆಲಸ ಮೆಂಟರ್ ಡೈರಿ ತುಂಬಿಸುವುದು. ಅದರಲ್ಲಿ ರಕ್ತದ ಗುಂಪು, ಹವ್ಯಾಸ, ಶಕ್ತಿ, ದೌರ್ಬಲ್ಯ, ಗುರಿ ಎಂಬ ಅಂಕಣಗಳು. ಹುಡುಗಿ ದೌರ್ಬಲ್ಯದಲ್ಲಿ ಇಂಗ್ಲಿಷ್ ಎಂದು ಬರೆದು ಗುರಿಯಲ್ಲಿ ಐಎಎಸ್ ಎಂದು ಬರೆಯುತ್ತಾಳೆ. ಪರಿಶ್ರಮ ಅಗತ್ಯ ಎಂದು ಮೆಂಟರ್ ಷರಾ ಬರೆಯುತ್ತಾರೆ. ನಿನ್ನೆ ಯಾಕೆ ಬರಲಿಲ್ಲ ಎಂಬ ಅಂಕಣವಿಲ್ಲ. ಅಂಕಣವಿದ್ದರೂ ಬರೆಯುವವರ್‍ಯಾರು? ಮೆಂಟರೇ ಅತಿಥಿ. ಸೆಮಿಸ್ಟರ್ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡುತ್ತಾರೆ, ಮರುವರ್ಷ ಕೌನ್ಸೆಲಿಂಗಿನಲ್ಲಿ ಯಾವ ಊರು ಸಿಗುತ್ತದೋ. ಮುಳುಗುವವನ ಕೈಗೆ ತೇಲಿಹೋಗುವವನ ಕೈ ಕೊಟ್ಟಂತೆ.

ಇವೆಲ್ಲ ಚಿಲ್ಲರೆ ಮದ್ದುಗಳು. ರಾಮಬಾಣ ಬಂದದ್ದು ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ. 2020ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿತು, 2021ರಲ್ಲಿ ದೇಶದಲ್ಲೇ ಮೊದಲಾಗಿ ಕರ್ನಾಟಕ ಜಾರಿಗೆ ತಂದಿತು. ಪರೀಕ್ಷೆಯಲ್ಲಿ ಮೊದಲು ಎದ್ದು ಉತ್ತರಪತ್ರಿಕೆ ಕೊಡುವ ಹುಡುಗನ ಹೆಮ್ಮೆ ನಮಗೆ. ನಾಲ್ಕು ವರ್ಷದ ಪದವಿ, ಆದರೆ ಪ್ರತಿ ವರ್ಷದ ಕೊನೆಗೂ ಒಂದು ಬಾಗಿಲು. ಒಂದು ವರ್ಷಕ್ಕೆ ಹೊರಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಎಲ್ಲಿ ಬಿಟ್ಟರೂ ಗೌರವ. ಗಳಿಸಿದ ಕ್ರೆಡಿಟ್ಟುಗಳು ಕ್ರೆಡಿಟ್ ಬ್ಯಾಂಕಿನಲ್ಲಿ ಏಳು ವರ್ಷದವರೆಗೆ ಜೀವಂತ. ಸೋರುವ ಮಾಡನ್ನು ರಿಪೇರಿ ಮಾಡುವ ಬದಲು ಸೋರಿದ ನೀರಿಗೆ ರಸೀದಿ ಕೊಡುವ ಈ ಯೋಜನೆಯಲ್ಲಿ ಒಂದೇ ತೊಡಕಿತ್ತು. ಯುಜಿಸಿಯ 2022ರ ಚೌಕಟ್ಟಿನಂತೆ ಮೊದಲ ವರ್ಷದ ಸರ್ಟಿಫಿಕೇಟಿಗೆ 40 ಕ್ರೆಡಿಟ್ ಗಳಿಸಿರಬೇಕು, ಮೇಲೆ ಬೇಸಿಗೆಯಲ್ಲಿ 4 ಕ್ರೆಡಿಟ್ಟಿನ ವೃತ್ತಿ ಕೋರ್ಸು ಮುಗಿಸಬೇಕು. ಅಂದರೆ ಎಲ್ಲ ವಿಷಯ ಪಾಸಾದ, ದುಡ್ಡಿನ ಅಡಚಣೆಯಿಲ್ಲದ, ಬೇಸಿಗೆಯಲ್ಲಿ ಕೂಲಿಗೆ ಹೋಗಬೇಕಿಲ್ಲದ ವಿದ್ಯಾರ್ಥಿಗೆ ಮಾತ್ರ ಓದು ಬಿಡುವ ಅರ್ಹತೆ. ಅಂಥವನು ಬಿಡುವುದಿಲ್ಲ. ಬಿಡುವವನಿಗೆ ಎರಡು ವಿಷಯ ಬಾಕಿ ಇರುತ್ತದೆ, ಆ ಬಾಗಿಲಿನಲ್ಲೂ ಅವನು ಫೇಲು.

ಆ ವರ್ಷಗಳ ಮಕ್ಕಳು ಇನ್ನೂ ಏನೇನು ಕಂಡರು! ಮೊದಲ ವರ್ಷದಲ್ಲೇ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ. ಕಂಪ್ಯೂಟರ್ ಲ್ಯಾಬಿಗೆ ಬೀಗ, ಬೀಗದ ಕೈ ರಜೆಯಲ್ಲಿ. ಆದ್ದರಿಂದ ಕೃತಕ ಬುದ್ಧಿಮತ್ತೆಯ ಲಕ್ಷಣಗಳನ್ನು ನೋಟ್ಸಿನಲ್ಲಿ ಬರೆಸಿದರು. ಯೋಗ, ಆರೋಗ್ಯ, ಕ್ಷೇಮಕ್ಕೂ ಅಂಕಗಳಿದ್ದವು. ಇವೆಲ್ಲ ರೂಢಿಯಾಗುವಷ್ಟರಲ್ಲಿ ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಒಂದೇ ಕಾರಿಡಾರಿನಲ್ಲಿ ಅಣ್ಣನದು ಒಂದು ನೀತಿ, ತಮ್ಮನದು ಇನ್ನೊಂದು, ಇಬ್ಬರಿಗೂ ಪಾಠ ಮಾಡುವ ಮೇಷ್ಟರಿಗೆ ಯಾವ ಸಿಲಬಸ್ಸಿನ ಪುಸ್ತಕವೂ ಸಕಾಲಕ್ಕೆ ಸಿಗಲಿಲ್ಲ. ಮೊದಲ ವರ್ಷಕ್ಕೇ ಬಿಟ್ಟವರ ಬಗ್ಗೆ ನಾವು ಮರುಗುತ್ತೇವೆ. ಮೂರನೆಯ ವರ್ಷಕ್ಕೆ ಬಿಟ್ಟುಹೋದ ನೀತಿಯ ಬಗ್ಗೆ ಯಾರೂ ಮೆಂಟರ್ ಡೈರಿ ಬರೆಯಲಿಲ್ಲ.

ಹೀಗಿರುವಾಗ ರಾಷ್ಟ್ರೀಯ ವಿಚಾರ ಸಂಕಿರಣ ನಡೆಯದೆ ಇರುತ್ತದೆಯೇ? ನಡೆಯುತ್ತದೆ, ಅಲ್ಲಿ ವಿನ್ಸೆಂಟ್ ಟಿಂಟೊ ಅವರ ಹೆಸರು ಬರುತ್ತದೆ. ವಿದ್ಯಾರ್ಥಿಗಳು ಕಾಲೇಜು ಯಾಕೆ ಬಿಡುತ್ತಾರೆಂದು 1975ರಲ್ಲಿ ಪ್ರಬಂಧ ಬರೆದು 1987ರಲ್ಲಿ ‘ಲೀವಿಂಗ್ ಕಾಲೇಜ್’ ಎಂಬ ಪುಸ್ತಕ ತಂದ ಅಮೆರಿಕದ ಸಮಾಜಶಾಸ್ತ್ರಜ್ಞ. ವಿದ್ಯಾರ್ಥಿ ಓದಿನೊಂದಿಗೂ ಅಲ್ಲಿನ ಜನರೊಂದಿಗೂ ಬೆಸೆದುಕೊಳ್ಳದಿದ್ದರೆ ಹೊರಡುತ್ತಾನೆ, ಸಂಸ್ಥೆ ತನ್ನನ್ನು ತಾನು ನೋಡಿಕೊಳ್ಳಬೇಕು ಎಂಬುದು ಅವರ ವಾದದ ತಿರುಳು. ಸಂಕಿರಣದಲ್ಲಿ ಮೊದಲರ್ಧ ಮಾತ್ರ ಉಳಿಯುತ್ತದೆ: ಹುಡುಗ ಬೆಸೆದುಕೊಳ್ಳಲಿಲ್ಲ. ಪರಿಹಾರವಾಗಿ ಗೇಟಿನ ಪಕ್ಕ ‘ಐ ಲವ್’ ಎಂದು ಆರಂಭವಾಗುವ ಸೆಲ್ಫಿ ಪಾಯಿಂಟ್ ಕಟ್ಟುತ್ತಾರೆ.

ಎರಡನೆಯ ಗೋಷ್ಠಿಯಲ್ಲಿ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ. 2012ರಿಂದ ಅಲ್ಲಿ ಕಂಪ್ಯೂಟರು 800ಕ್ಕೂ ಹೆಚ್ಚು ಅಪಾಯಸೂಚನೆಗಳನ್ನು ಇಟ್ಟುಕೊಂಡು ಪ್ರತಿ ವಿದ್ಯಾರ್ಥಿಯನ್ನೂ ದಿನವೂ ಗಮನಿಸುತ್ತದೆ, ಯಾರು ಜಾರುತ್ತಿದ್ದಾರೆಂದು ತಿಳಿಸುತ್ತದೆ. ಇಷ್ಟು ಕೇಳಿದ್ದೇ ತಂತ್ರಾಂಶದ ಟೆಂಡರು ಸಿದ್ಧ. ಆದರೆ ಅಲ್ಲಿ ಸೂಚನೆ ಬಂದ ಕೂಡಲೇ ವಿದ್ಯಾರ್ಥಿಯನ್ನು ಕರೆದು ಕೂರಿಸಿಕೊಳ್ಳಲು 40ಕ್ಕೂ ಹೆಚ್ಚು ಹೊಸ ಸಲಹೆಗಾರರನ್ನು ನೇಮಿಸಿದರು. ಅದಕ್ಕೂ ಮುಂಚೆ, 2011ರಿಂದಲೇ, ಸಣ್ಣ ಮೊತ್ತದ ಬಾಕಿಗಾಗಿ ಹೆಸರು ಕಳೆದುಕೊಳ್ಳುವವರ ಬಾಕಿಯನ್ನು ವಿಶ್ವವಿದ್ಯಾಲಯವೇ ತುಂಬಿ ತರಗತಿಗೆ ವಾಪಸು ಕೂರಿಸತೊಡಗಿತು. ಈ ಎರಡು ಭಾಗಗಳನ್ನು ನಮ್ಮವರು ಸಮಯದ ಅಭಾವದಿಂದ ಬಿಟ್ಟರು. ಪರೀಕ್ಷಾ ಶುಲ್ಕ ಕಟ್ಟಲಾಗದ ಮಂಜುನಾಥನನ್ನು ಗುರುತಿಸಲು ಕೃತಕ ಬುದ್ಧಿಮತ್ತೆ ಬೇಕೇ? ಅವನು ಆಫೀಸಿನ ಕಿಟಕಿಯ ಮುಂದೆಯೇ ನಿಂತಿರುತ್ತಾನಲ್ಲ.

ಮಕ್ಕಳನ್ನು ಕರೆತರಲು ನಮಗೆ ಬರುವುದಿಲ್ಲವೆಂದು ಮಾತ್ರ ಹೇಳಬೇಡಿ. ನ್ಯಾಕ್ ತಂಡ ಖುದ್ದಾಗಿ ಬರುತ್ತಿದ್ದ ಕಾಲದಲ್ಲಿ, ಅದು ಬರುವ ಹಿಂದಿನ ವಾರ ಯಾವುದಾದರೂ ಕಾಲೇಜಿಗೆ ಹೋಗಿ ನೋಡಬೇಕಿತ್ತು. ಖಾಲಿ ಬೆಂಚು ಕಾಣಬಾರದಲ್ಲ, ಆದ್ದರಿಂದ ಮೆಂಟರ್ ಡೈರಿಗಳಲ್ಲಿನ ಫೋನ್ ನಂಬರುಗಳು ಮೊದಲ ಬಾರಿಗೆ ಉಪಯೋಗಕ್ಕೆ ಬರುತ್ತವೆ. ಪೀಣ್ಯಕ್ಕೆ ಫೋನು ಹೋಗುತ್ತದೆ, ಗಾರ್ಮೆಂಟ್ಸಿಗೆ ಹೋಗುತ್ತದೆ, ಗಂಡನ ಮನೆಗೂ ಹೋಗುತ್ತದೆ. ಬಾರಪ್ಪ, ಎರಡೇ ದಿನ, ಕಾಲೇಜಿನ ಮರ್ಯಾದೆ ಪ್ರಶ್ನೆ. ಊರೂರಿಗೆ ಬಾಡಿಗೆ ವ್ಯಾನು, ಏಳೂಕಾಲು ಅಂದರೆ ಏಳೂಕಾಲಿಗೆ. ಎಲ್ಲ ಪೀರಿಯಡ್ಡಿಗೂ ಮೇಷ್ಟರು. ಲ್ಯಾಬಿನ ಬೀಗದ ಕೈ ರಜೆ ಮುಗಿಸಿ ಬಂದಿದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು, ಸೋಪು, ಕನ್ನಡಿ ಕೂಡ. ಮಧ್ಯಾಹ್ನ ಪಲಾವು, ಮೊಸರುಬಜ್ಜಿ. ಪ್ರಾಂಶುಪಾಲರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸುತ್ತಾರೆ. ಎರಡನೆಯ ದಿನ ಸಂಜೆ ಐದಕ್ಕೆ ವ್ಯಾನು ವಾಪಸು ಮನೆಬಾಗಿಲಿಗೆ.

ತಂಡದವರನ್ನು ಬೀಳ್ಕೊಟ್ಟು, ಬೆವರೊರೆಸಿಕೊಂಡು ಪ್ರಾಂಶುಪಾಲರು ವ್ಯಾನಿನ ಹತ್ತಿರ ಬಂದರು. ಒಳಗೆ ಕೂತಿದ್ದ ಹುಡುಗ ಕಿಟಕಿಯಿಂದ ಕತ್ತು ಹೊರಹಾಕಿ ಕೇಳಿದ:

‘ಸಾರ್, ಅವ್ರು ಮತ್ತೆ ಯಾವಾಗ ಬರ್ತಾರೆ?’

‘ಇನ್ನು ಐದು ವರ್ಷ ಬಿಟ್ಟು ಕಣೋ. ಯಾಕೆ?’

‘ಏನಿಲ್ಲ ಸಾರ್. ಆಗ ಫೋನ್ ಮಾಡಿ, ಖಂಡಿತ ಬರ್ತೀನಿ.’